ಹಿಡಿ ಭದ್ರವಾಗಿದ್ದರೆ ಕೈ ಭದ್ರ

ಹಲಗೂರು ಸೀಮೆಯಲ್ಲಿ ರಾಗಿ ಕುಯ್ಲು ಹತ್ತಿರ ಬಂದಂತೆ ಕುಡುಗೋಲುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಅಲಗನ್ನು ಕುಲುಮೆಗೆ ಒಯ್ದು ತಟ್ಟಿಸುತ್ತೀರಿ, ಸಾಣೆ ಹಿಡಿಸುತ್ತೀರಿ. ಹಿಡಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಸಡಿಲವಾಗಿದ್ದರೆ ಚಿಂದಿ ತುರುಕಿ, ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಹೊಲಕ್ಕೆ ಇಳಿಯುವುದು ರೂಢಿ.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಹಿಡಿಯಿಂದ ಮಚ್ಚಿನ ಅಲಗು ಕಳಚಿ, ಪಕ್ಕದಲ್ಲಿ ಕಬ್ಬಿನ ಸೋಗೆ ಸುಲಿಯುತ್ತಿದ್ದ ಹೆಣ್ಣುಮಗಳ ಮುಂಗೈಗೆ ಬಡಿದದ್ದನ್ನು ಕಣ್ಣಾರೆ ಕಂಡೆ. ಗಾಯ ಮಾಯಿತು, ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಆ ಹಿಡಿಗೆ ಬೇಕಾಗಿದ್ದುದು ಒಂದು ಹೊತ್ತಿನ ಕೆಲಸ. ಅದನ್ನು ನೀವೇ ಮನೆಯಲ್ಲಿ ಮಾಡಿಕೊಳ್ಳಬಹುದು.

ನೆನೆಸುವುದು ತಪ್ಪು

ನೆನೆದ ಮರ ಉಬ್ಬುತ್ತದೆ. ಆದರೆ ಒಳಗಿರುವ ಕಬ್ಬಿಣ ಜಾಗ ಕೊಡದ ಕಾರಣ ಮರದ ನಾರು ನಜ್ಜಾಗುತ್ತದೆ. ಒಣಗಿದ ಮೇಲೆ ತೂತು ಮೊದಲಿಗಿಂತ ದೊಡ್ಡದಾಗಿರುತ್ತದೆ. ಜೊತೆಗೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.

ಯಾವ ಮರ?

ದಿಂಡಿಗ, ತಡಸಲು ಮರಗಳು ಹಿಡಿಗೆ ಹೆಸರಾದವು. ಆದರೆ ಮುತ್ತತ್ತಿ ಕಡೆಯ ಕಾಡು 1987ರಿಂದ ಕಾವೇರಿ ವನ್ಯಧಾಮಕ್ಕೆ ಸೇರಿದೆ. ಅಲ್ಲಿಂದ ಒಂದು ಕೊಂಬೆಯನ್ನೂ ತರಬಾರದು. ನಿಮ್ಮ ಬದುವಿನ ಕರಿಜಾಲಿ ಅಥವಾ ಹುಣಸೆಯ ಸವರಿದ ಕೊಂಬೆ ಸಾಕು. ಗಂಟಿಲ್ಲದ, ಎಳೆ ನೇರವಾಗಿರುವ ತುಂಡನ್ನು ಆರಿಸಿ. ನಡುವಿನ ತಿರುಳನ್ನೂ ಹೊರಗಿನ ಬಿಳಿ ಭಾಗವನ್ನೂ ಬಿಡಿ. ತಿರುಳಿದ್ದರೆ ಸೀಳುತ್ತದೆ, ಬಿಳಿ ಭಾಗಕ್ಕೆ ಹುಳು ಬೀಳುತ್ತದೆ. ಗಟ್ಟಿಯಾದ ಚೇಗು ಮಾತ್ರ ಬೇಕು.

ಹಸಿ ಮರದಲ್ಲಿ ಹಿಡಿ ಮಾಡಬೇಡಿ. ತುಂಡಿನ ಎರಡೂ ತುದಿಗೆ ಮೇಣ ಅಥವಾ ಬಣ್ಣ ಬಳಿದು ನೆರಳಿನಲ್ಲಿ, ಗಾಳಿಯಾಡುವಂತೆ ಇಡಿ. ಒಂದೆರಡು ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮರ ಒಣಗಿತೆಂದು ತಿಳಿಯಿರಿ. ಇದಕ್ಕೆ ತಿಂಗಳುಗಳೇ ಬೇಕು. ಆದ್ದರಿಂದ ಮುಂದಿನ ಸುಗ್ಗಿಯ ಹಿಡಿಗೆ ಈ ಸುಗ್ಗಿಯಲ್ಲೇ ಮರ ಕೂಡಿಡಿ.

ಅಳತೆ ಯಾರ ಕೈಯದು?

ಕುಯ್ಯುವವರು ಹೆಚ್ಚಾಗಿ ಹೆಂಗಸರು. ಹಿಡಿ ಮಾತ್ರ ಗಂಡಸರ ಅಂಗೈಯದು. ದಪ್ಪ ಒಂದೂಕಾಲರಿಂದ ಒಂದೂವರೆ ಅಂಗುಲದೊಳಗಿರಲಿ. ಬಿಗಿಯಾಗಿ ಹಿಡಿದಾಗ ಹೆಬ್ಬೆರಳು ನಡುಬೆರಳಿನ ತುದಿಯ ಮೇಲೆ ಬರಬೇಕು. ಹಿಡಿ ಪೂರಾ ದುಂಡಗಿದ್ದರೆ ಕೈಯಲ್ಲಿ ತಿರುಗುತ್ತದೆ. ಮೊಟ್ಟೆಯಂತೆ ಕೊಂಚ ಚಪ್ಪಟೆಯಾಗಿರಲಿ. ತುದಿಯಲ್ಲಿ ಸ್ವಲ್ಪ ಉಬ್ಬು ಬಿಟ್ಟರೆ ಬೆವರಿದ ಕೈ ಜಾರುವುದಿಲ್ಲ.

ಕೂರಿಸುವ ಕ್ರಮ

1. ಅಲಗಿನ ಬಾಲದ ನಡುಭಾಗದಷ್ಟು ದಪ್ಪದ ತೂತನ್ನು ಬೈರಿಗೆಯಿಂದ ನೇರವಾಗಿ ಕೊರೆಯಿರಿ. ಆಳ ಬಾಲದ ಉದ್ದದಷ್ಟಿರಲಿ.

2. ಅಲಗಿಗೆ ಒದ್ದೆ ಗೋಣಿ ಸುತ್ತಿ, ಬಾಲವನ್ನು ಮಾತ್ರ ಕೆಂಪಗೆ ಕಾಯಿಸಿ. ಅಲಗಿಗೆ ಕಾವು ತಗುಲಿದರೆ ಹದ ಹೋಗುತ್ತದೆ. ಕಾದ ಬಾಲವನ್ನು ತೂತಿಗೆ ಸ್ವಲ್ಪ ಸ್ವಲ್ಪವೇ ಇಳಿಸಿ, ಮುಕ್ಕಾಲು ಭಾಗ ಹೋದೊಡನೆ ತೆಗೆದು ಆರಲು ಬಿಡಿ. ತೂತು ಬಾಲದ ಆಕಾರಕ್ಕೆ ಬಂದಿರುತ್ತದೆ.

3. ಹಿಡಿಯ ಬಾಯಿಗೆ ಹಳೆಯ ಕಬ್ಬಿಣದ ನೀರಿನ ಪೈಪಿನಿಂದ ಮುಕ್ಕಾಲಂಗುಲ ಉದ್ದದ ಬಳೆ ಕುಯ್ದು, ಅಂಚು ಅರವಿ, ಬಿಗಿಯಾಗಿ ಕೂರಿಸಿ. ಬಳೆಯಿಲ್ಲದ ಹಿಡಿ ಬಾಯಲ್ಲೇ ಸೀಳುತ್ತದೆ. ಸತುವಿನ ಲೇಪವಿರುವ ಪೈಪನ್ನು ಬೆಂಕಿಗೆ ಹಿಡಿಯಬೇಡಿ. ಅದರ ಹೊಗೆ ಕೆಟ್ಟದ್ದು.

4. ಪುಡಿ ಮಾಡಿದ ಅರಗಿಗೆ ಜರಡಿ ಹಿಡಿದ ಇಟ್ಟಿಗೆ ಪುಡಿ ಬೆರೆಸಿ ತೂತಿಗೆ ತುಂಬಿ. ಬಾಲವನ್ನು ಅರಗು ಕರಗುವಷ್ಟು ಮಾತ್ರ ಬಿಸಿ ಮಾಡಿ ಒಳಗಿಳಿಸಿ. ಅಲಗು ಕೆಳಮುಖವಾಗಿರುವಂತೆ ಹಿಡಿದು, ಹಿಡಿಯ ತುದಿಗೆ ಮರದ ಕೊಡತಿಯಿಂದ ಹೊಡೆಯಿರಿ. ಬಾಲ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಅಲಗಿಗೆ ಹೊಡೆಯಬೇಡಿ.

ಮಚ್ಚಿಗೆ ಬರೀ ಅರಗು ಸಾಲದು. ಬಾಲವನ್ನು ಹಿಡಿಗಿಂತ ಅರ್ಧ ಅಂಗುಲ ಉದ್ದ ಬಿಡುವಂತೆ ಕಮ್ಮಾರರಿಗೆ ಹೇಳಿ. ತೂತನ್ನು ಹಿಡಿಯ ಆಚೆ ತುದಿಯವರೆಗೂ ಕೊರೆದು, ಹೊರಬಂದ ಬಾಲದ ತುದಿಯನ್ನು ವಾಷರಿನ ಮೇಲೆ ಮಡಚಿ ತಟ್ಟಿ. ಆಗ ಹಿಡಿ ಸಡಿಲವಾದರೂ ಅಲಗು ಹಾರಿಹೋಗದು.

ಕೊನೆಯ ಮಾತು

ಹಿಡಿಗೆ ವಾರ್ನಿಷ್ ಬೇಡ. ಕೈ ಜಾರುತ್ತದೆ, ಬೊಕ್ಕೆ ಏಳುತ್ತದೆ. ಅಗಸೆ ಎಣ್ಣೆಯನ್ನು ತೆಳ್ಳಗೆ ಎರಡು ಮೂರು ಸಲ ಸವರಿ ಒಣಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿ ಹೊತ್ತಿಕೊಳ್ಳುವುದುಂಟು. ಬಯಲಿನಲ್ಲಿ ಹರಡಿ ಒಣಗಿಸಿ. ಅರಗು ಕಾವಿಗೆ ಮೆತ್ತಗಾಗುವುದರಿಂದ ಕುಡುಗೋಲನ್ನು ಒಲೆಯ ಬಳಿ ಸಿಕ್ಕಿಸಬೇಡಿ.

ಹೊಸ ಹಿಡಿಯನ್ನು ಮೊದಲು ಯಾರೂ ಹತ್ತಿರ ಇಲ್ಲದೆಡೆ ಒಂದು ಮರದ ಕೊರಡಿನ ಮೇಲೆ ಹತ್ತು ಏಟು ಹಾಕಿ ಪರೀಕ್ಷಿಸಿ. ಆಮೇಲೂ ದಿನಾ ಬೆಳಿಗ್ಗೆ ಹೊಲಕ್ಕೆ ಇಳಿಯುವ ಮುನ್ನ ಅಲಗನ್ನು ಗೋಣಿಯಲ್ಲಿ ಹಿಡಿದು ಒಮ್ಮೆ ಅಲುಗಿಸಿ ನೋಡಿ. ಅಲುಗಿದರೆ ಆ ದಿನ ಅದು ಮನೆಯಲ್ಲೇ ಇರಲಿ. ಅಲಗು ಮುರಿದರೆ ಕುಲುಮೆಯಲ್ಲಿ ಇನ್ನೊಂದು ಸಿಗುತ್ತದೆ, ಬೆರಳು ಸಿಗುವುದಿಲ್ಲ.