ಹೇಂಟೆ ಇಲ್ಲದ ಕಾವು, 21 ದಿನ

ಇನ್‌ಕ್ಯುಬೇಟರ್‌ನಲ್ಲಿ ಮೊಟ್ಟೆ ಇಟ್ಟರೆ ಹೇಂಟೆಯ ಕೆಲಸವೆಲ್ಲ ನಮ್ಮ ಪಾಲಿಗೆ. ಫ್ಯಾನ್ ಇರುವ ಡಬ್ಬಿಯಾದರೆ 37.5 ಡಿಗ್ರಿ ಬಿಸಿ, ತಟ್ಟೆಯಲ್ಲಿ ನೀರು, 18ನೇ ದಿನದವರೆಗೆ ದಿನಕ್ಕೆ ಮೂರು ಸಲವಾದರೂ ಮೊಟ್ಟೆ ತಿರುಗಿಸಬೇಕು. ಕರೆಂಟ್ ಹೋದರೆ ಮೇಲೊಂದು ಕಂಬಳಿ.

7ನೇ ರಾತ್ರಿ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂಥ ಕೆಂಪು ನರಗಳು, ನಡುವೆ ಮಿಸುಕಾಡುವ ಕಪ್ಪು ಚುಕ್ಕೆ! ಮನೆಮಂದಿಯನ್ನೆಲ್ಲ ಕೂಗಿ ಕರೆಯುತ್ತೀರಿ, ನೋಡಿ ಬೇಕಾದರೆ. ಬರೀ ಕೆಂಪು ಉಂಗುರ ಕಂಡರೆ ಒಳಗಿನ ಜೀವ ಹೋಗಿದೆ. ಆ ಮೊಟ್ಟೆ ತೆಗೆದುಬಿಡಿ.

ಕೊನೆಯ ದಿನವೇ ಕಷ್ಟ. ಮರಿ ಚಿಪ್ಪಿಗೊಂದು ತೂತು ಮಾಡಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಒಳಗಿಂದ ಚಿಂವ್ ಚಿಂವ್ ಕೇಳಿದಾಗ ಚಿಪ್ಪು ಬಿಡಿಸೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಹಳದಿ ಇನ್ನೂ ಹೊಟ್ಟೆ ಸೇರುತ್ತಿರುತ್ತದೆ. ಪದೇ ಪದೇ ಮುಚ್ಚಳ ತೆರೆದರೂ ತೇವ ಆರಿ ಪೊರೆ ಮರಿಗೆ ಅಂಟಿಕೊಳ್ಳುತ್ತದೆ.

ಇಷ್ಟು ಮಾಡಿದರೂ ಕೆಲವು ಮರಿಗಳು ಕೊಕ್ಕು, ಉಗುರು, ಪುಕ್ಕ ಎಲ್ಲ ಮೂಡಿದ ಮೇಲೆ ಚಿಪ್ಪಿನೊಳಗೇ ಸಾಯುತ್ತವೆ. ಸಂಕಟವಾಗುತ್ತದೆ. ಮಕ್ಕಳಿಂದ ಅದನ್ನು ಮುಚ್ಚಿಡುವುದು ಬೇಡ.

ಹೊರಬಂದ ಮರಿಗೆ ಒಂದು ದಿನ ಆ ಹಳದಿಯೇ ಊಟ. ಮೈ ಒಣಗಿದ ಮೇಲೆ ಬಲ್ಬ್ ಹಾಕಿದ ಪೆಟ್ಟಿಗೆಗೆ ಬಿಡಿ, ಕೊಕ್ಕನ್ನು ಮೆಲ್ಲಗೆ ನೀರಿಗೆ ತಾಗಿಸಿ ಕುಡಿಯಲು ಕಲಿಸಿ.