ಜೋಳದ ರೊಟ್ಟಿ ಕಸುವಾಗುವ ಬಗೆ

ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದರೆ ಸಿಗುವ ಅಮ್ಮಿನಬಾವಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿಯೆಂದರೆ ಮೈಮುರಿಯುವ ದುಡಿಮೆ. ಆ ದುಡಿಮೆಗೆ ಬುತ್ತಿಯ ರೊಟ್ಟಿಯೇ ಕಸುವು ಎಂಬುದು ಎಲ್ಲರಿಗೂ ಗೊತ್ತು. ಆದರೆ ರೊಟ್ಟಿಯೊಂದೇ ಸಾಲದು, ಉಸಿರೂ ಕೂಡಬೇಕು. ಅವೆರಡೂ ಕೂಡುವ ಜಾಗವೇ ಜೀವಕೋಶ.

ರೊಟ್ಟಿಯಿಂದ ಗ್ಲೂಕೋಸ್

ರೊಟ್ಟಿಯ ಚೂರನ್ನು ನುಂಗದೆ ಅಗಿಯುತ್ತಲೇ ಇರಿ. ತುಸು ಹೊತ್ತಿಗೆ ನಾಲಗೆಗೆ ಸಣ್ಣ ಸಿಹಿ ಹತ್ತುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಜೋಳದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿರುವುದರ ಗುರುತು ಅದು. ಸಣ್ಣ ಕರುಳಿನಲ್ಲಿ ಈ ಕೆಲಸ ಪೂರ್ತಿಯಾಗಿ, ಗ್ಲೂಕೋಸ್ ರಕ್ತದ ಮೂಲಕ ಜೀವಕೋಶಗಳನ್ನು ಮುಟ್ಟುತ್ತದೆ.

ಮೊದಲ ಹಂತ: ಗ್ಲೈಕಾಲಿಸಿಸ್

ಆರು ಇಂಗಾಲದ ಗ್ಲೂಕೋಸ್ ಕೋಶದ್ರವದಲ್ಲಿ 10 ಹೆಜ್ಜೆಗಳಲ್ಲಿ ಒಡೆದು, ಮೂರು ಇಂಗಾಲದ ಎರಡು ಪೈರುವೇಟ್ ಅಣುಗಳಾಗುತ್ತದೆ. ಇದಕ್ಕೆ ಆಮ್ಲಜನಕ ಬೇಕಿಲ್ಲ. ನಿವ್ವಳವಾಗಿ ಸಿಗುವುದು 2 ಎಟಿಪಿ. ಸ್ನಾಯುಗಳು ನೇರವಾಗಿ ಬಳಸುವ ಶಕ್ತಿಯ ಅಣು ಇದು. 1929ರಲ್ಲಿ ಇದನ್ನು ಪತ್ತೆಹಚ್ಚಿದವರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು.

ಎರಡನೆಯ ಹಂತ: ಕ್ರೆಬ್ಸ್ ಚಕ್ರ

ಪೈರುವೇಟ್ ಮೈಟೊಕಾಂಡ್ರಿಯದೊಳಗೆ ಹೋಗಿ ಅಸಿಟೈಲ್ ಕೋಎ ಆಗುತ್ತದೆ. ಇದಕ್ಕೆ ಬಿ1 ಜೀವಸತ್ವ ಬೇಕೇ ಬೇಕು. ಇಡೀ ಧಾನ್ಯ, ಬೇಳೆಕಾಳುಗಳಲ್ಲಿ ಅದು ಸಿಗುತ್ತದೆ. ಮುಂದೆ, ಹಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರದಲ್ಲಿ ಉಳಿದ ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಇರುವುದು ಇದೇ. ಇಲ್ಲಿ ನೇರವಾಗಿ ಸಿಗುವ ಶಕ್ತಿ ಕಡಿಮೆ. ಹೆಚ್ಚಿನದು ಎಲೆಕ್ಟ್ರಾನುಗಳ ರೂಪದಲ್ಲಿ ಎನ್‌ಎಡಿ, ಎಫ್‌ಎಡಿ ಎಂಬ ವಾಹಕಗಳನ್ನು ಏರುತ್ತದೆ.

ಮೂರನೆಯ ಹಂತ: ದೊಡ್ಡ ಗಳಿಕೆ

ಈ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಕೈಯಿಂದ ಕೈಗೆ ದಾಟುವಾಗ ಪ್ರೋಟಾನುಗಳು ಪೊರೆಯಾಚೆ ತಳ್ಳಲ್ಪಡುತ್ತವೆ. ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ ನೀರು ಕೊಡುವ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ತುಂಬಿ ನಿಂತಂತೆ, ಅವು ಅಲ್ಲಿ ಒತ್ತಿ ನಿಲ್ಲುತ್ತವೆ. ಮರಳಿ ಬರಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಕಿಣ್ವ. ಪ್ರೋಟಾನುಗಳು ನುಗ್ಗಿದಂತೆ ಅದು ತಿರುಗಿ ಎಟಿಪಿ ಕಟ್ಟುತ್ತದೆ. ಮೂರೂ ಹಂತ ಸೇರಿ ಒಂದು ಗ್ಲೂಕೋಸ್‌ಗೆ ಸುಮಾರು 30ರಿಂದ 32 ಎಟಿಪಿ. ಉಳಿದ ಶಕ್ತಿ ಶಾಖವಾಗುತ್ತದೆ. ದುಡಿಯುವಾಗ ಮೈ ಬಿಸಿಯೇರುವುದು ಅದರಿಂದಲೇ.

ಆಮ್ಲಜನಕದ ಕೆಲಸ ಕಟ್ಟಕಡೆಗೆ ಬರುತ್ತದೆ. ದಣಿದು ಬಂದ ಎಲೆಕ್ಟ್ರಾನುಗಳನ್ನು ಪಡೆದು ಅದು ನೀರಾಗುತ್ತದೆ. ಪಡೆಯುವವರಿಲ್ಲದಿದ್ದರೆ ಸಾಲು ಪೂರಾ ನಿಂತುಬಿಡುತ್ತದೆ.

ಏದುಸಿರು ಏಕೆ?

ಜೋಳದ ಸೂಡು ಹೊತ್ತು ಬಿರುಸಾಗಿ ನಡೆದಾಗ ಸ್ನಾಯು ಕೇಳುವ ವೇಗಕ್ಕೆ ಮೈಟೊಕಾಂಡ್ರಿಯ ಸಾಲದು. ಆಗ ಕೋಶ ಪೈರುವೇಟನ್ನು ಲ್ಯಾಕ್ಟೇಟ್ ಮಾಡಿ, ಎನ್‌ಎಡಿ ಬಿಡಿಸಿಕೊಂಡು, ಮೊದಲ ಹಂತವನ್ನಾದರೂ ನಡೆಸುತ್ತದೆ. ಈ ಲ್ಯಾಕ್ಟೇಟ್ ಕಸವಲ್ಲ: ಹೃದಯ ಅದನ್ನೇ ಉರುವಲಾಗಿ ಬಳಸುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಮರುದಿನದ ಮೈಕೈ ನೋವಿಗೂ ಅದು ಕಾರಣವಲ್ಲ. ಆ ನೋವು ರೂಢಿಯಿಲ್ಲದ ದುಡಿಮೆಯಿಂದ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟುಗಳದ್ದು. ಹೊರೆ ಇಳಿಸಿದ ಮೇಲೂ ಏದುಸಿರು ತುಸು ಹೊತ್ತು ಇರುವುದು ಬಳಸಿದ್ದನ್ನು ದೇಹ ತುಂಬಿಕೊಳ್ಳುತ್ತಿರುವುದರಿಂದ. ಆದ್ದರಿಂದ ಮುಂದಿನ ಸೂಡಿಗೆ ಕೈ ಹಾಕುವ ಮೊದಲು ಉಸಿರು ಹದಕ್ಕೆ ಬರಲಿ.