ಬೀದಿಯಲ್ಲೇ ಕುಳಿತು ಬೀದಿಯ ಚಿತ್ರ: ಕಲಾವಿದರಿಗೆ ಗಡಿಯಾರ ಏಕೆ ಮುಖ್ಯ?

ಮುಂಬೈನ ಫೋರ್ಟ್‌ನಲ್ಲೋ ಹೈದರಾಬಾದ್‌ನ ಚಾರ್‌ಮಿನಾರ್ ಎದುರಲ್ಲೋ ಕುಳಿತು ಚಿತ್ರ ಬಿಡಿಸುವವರನ್ನು ನೀವು ನೋಡಿರಬಹುದು. ಫೋಟೋ ತೆಗೆದುಕೊಂಡು ಹೋಗಿ ಮನೆಯಲ್ಲೇ ಬಿಡಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ಆದರೆ ಫೋಟೋದಲ್ಲಿ ನೆರಳು ಹೆಚ್ಚಾಗಿ ಕಪ್ಪಾಗಿಬಿಡುತ್ತದೆ. ಸ್ಥಳದಲ್ಲಿ ನಿಂತು ನೋಡಿದರೆ ಅದೇ ನೆರಳಿನಲ್ಲಿ ನೀಲಿ ಕಾಣುತ್ತದೆ. ಬಿಸಿಲು ತಲುಪದ ಜಾಗಕ್ಕೆ ಬೆಳಕು ಕೊಡುವುದು ಆಕಾಶ. ಎದುರಿನ ಗೋಡೆಯ ಬಣ್ಣವೂ ಅದರಲ್ಲಿ ಸೇರಿಕೊಳ್ಳುತ್ತದೆ.

ಕಷ್ಟ ಇರುವುದು ಸಮಯದ್ದು. ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆಯಲ್ಲಿ ಬಾಲ್ಕನಿಯ ನೆರಳು ಬೇರೆಲ್ಲೋ ಇರುತ್ತದೆ. ಅದಕ್ಕೇ ಹಲವರು ಮೊದಲು ನೆರಳಿನ ಆಕಾರ ಗುರುತಿಸಿಕೊಳ್ಳುತ್ತಾರೆ. ಆಮೇಲೆ ಅದು ಎಷ್ಟೇ ಸರಿದರೂ ಚಿತ್ರದಲ್ಲಿ ಬದಲಿಸುವುದಿಲ್ಲ. ಮುಗಿಯದಿದ್ದರೆ ಮರುದಿನ ಅದೇ ಹೊತ್ತಿಗೆ ಬರಬೇಕು. ಅಷ್ಟರಲ್ಲಿ ಎದುರಿಗೆ ಟೆಂಪೊ ಬಂದು ನಿಂತಿದ್ದರೆ ಮುಗಿಯಿತು ಕಥೆ!

ಎಣ್ಣೆಬಣ್ಣದವರಿಗೆ ಹೊರಗಿನ ಕೆಲಸ ಸುಲಭವಾಗಿದ್ದು 1841ರಲ್ಲಿ ಅಮೆರಿಕದ ಕಲಾವಿದ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬ್‌ಗೆ ಪೇಟೆಂಟ್ ಪಡೆದ ಮೇಲೆ. ಅದಕ್ಕೂ ಮೊದಲು ಬಣ್ಣ ತುಂಬಿಡುತ್ತಿದ್ದದ್ದು ಹಂದಿಯ ಮೂತ್ರಕೋಶದ ಚೀಲದಲ್ಲಿ.

ಬೆಂಗಳೂರಿನಲ್ಲಿ ಈ ಹಾದಿ ಹಿಡಿದವರಲ್ಲಿ ಪ್ರಮುಖರು ರುಮಾಲೆ ಚನ್ನಬಸವಯ್ಯ (1910-1988). ಸ್ವಾತಂತ್ರ್ಯ ಹೋರಾಟಗಾರರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ನಗರದ ರಸ್ತೆ, ಉದ್ಯಾನಗಳಲ್ಲಿ ಹೂಬಿಟ್ಟ ಮರಗಳನ್ನು ಅಲ್ಲೇ ನಿಂತು ಚಿತ್ರಿಸಿದರು. ರಸ್ತೆ ಅಗಲೀಕರಣಕ್ಕೆ, ಮೆಟ್ರೋ ಕಾಮಗಾರಿಗೆ ಮರಗಳು ಉರುಳಿದ ಊರಿನಲ್ಲಿ ಹಿಂದೆ ಎಂಥ ನೆರಳಿತ್ತು ಎಂದು ತಿಳಿಯಲು ಈಗ ಆ ಕ್ಯಾನ್ವಾಸ್‌ಗಳನ್ನೇ ನೋಡಬೇಕು.